ಹಿಮ್ಮೇಳದ ತೂತು

ನಾಕು ಮಂದಿ ಕೂಡಿ ಹಾಡ್ತೀವಿ ಅಂತ ಕುಂತ್ರ ಹಾಡು ಒಂದ ಆಗತೈತಿ, ಫಜೀತಿ ಮಾತ್ರ ತಲಿಗೊಂದು. ನಮ್ಮೂರ ಸಂಗೀತ ಮಂಡಳಿಯೊಳಗ ಇದು ವರ್ಷಾ ತಪ್ಪದ ನಡಕೋತ ಬಂದ ಮಾತು. ನಾ ಬ್ಯಾಡಂದ್ರೂ ನಡೀತಿತ್ತು, ಹೂಂ ಅಂದ್ರೂ ನಡೀತಿತ್ತು.

ಎಪ್ಪತ್ತರ ದಶಕದ ಮೊದಲಿನ ವರ್ಷಗಳು ಅವು. ಅಣ್ಣಿಗೇರಿ ಬಾಜೂಕಿನ ಒಂದು ಊರಾಗ ನಾ ಶಾಲಿ ಮಾಸ್ತರ. ಮಂಡಳಿ ಅಂದ್ರ ಮುಂದ ಪೇಟಿ, ತಬಲಾ, ಪಿಟೀಲು, ಸನಾದಿ. ಹಿಂದ ಒಂದು ಸಾಲು ಗಂಡಸರ ಹಿಮ್ಮೇಳ. ಪೇಟಿ, ಅಂದ್ರ ಹಾರ್ಮೋನಿಯಂ, ನುಡಸಾವ್ರು ನಮ್ಮೂರ ಹತ್ತಿ ದಲಾಲಿ ಮಾಡೂ ಅಡತಿ ಸಾವ್ಕಾರ್ರು. ಮಂಡಳಿ ಅಧ್ಯಕ್ಷರೂ ಅವರ. ತಬಲಾ ನಮ್ಮ ದರ್ಜಿಯವರದು. ನನಗ ಹಾಡಾಕ ಬರ್ತಿದ್ದಿಲ್ಲ, ನುಡಸಾಕ ಬರ್ತಿದ್ದಿಲ್ಲ, ಸುಮ್ನ ಕುಂದ್ರಾಕೂ ಬರ್ತಿದ್ದಿಲ್ಲ. ಹಿಂಗಾಗಿ ಮಾತಾಡೂ ಕೆಲಸ ನನ್ನ ಪಾಲಿಗೆ ಬಂತು.

ಶ್ರಾವಣದಿಂದ ಶಿವರಾತ್ರಿತನಕ ನಮ್ಮ ಮಂಡಳಿ ತಿಂಗಳಿಗೊಂದು ಊರಾಗ ಹಾಡ್ತಿತ್ತು. ಒಂದು ತಿಂಗಳು ಕುಬಿಹಾಳ, ಒಂದು ತಿಂಗಳು ದುಮ್ಮವಾಡ, ಹಿಂಗ. ಶ್ರಾವಣ ಹುಟ್ಟೂಕಿಂತ ಮೊದಲ ಒಂದು ಐತವಾರ ನಮ್ಮೂರ ಮಠದ ಪಡಸಾಲ್ಯಾಗ ಸಭಾ ಕರದು, ಈ ವರ್ಷ ಏನೇನು ಹಾಡೋರದೀವಿ ಅಂತ ಊರ ಮಂದಿಗೆ ತಿಳಿಸಿ ಹೇಳಬೇಕು. ಒಂದೊಂದು ಹಾಡಿಂದು ಒಂದೊಂದು ನುಡಿ ಕೇಳಸಬೇಕು. ಸಂತ್ಯಾಗ ಬೆಲ್ಲದಾಂವ ಪೆಂಟಿ ಒಡದು ಒಂದು ಚೂರು ಕೈಯಾಗ ಇಡ್ತಾನಲ್ಲ, ಹಂಗ. ಅದಕ್ಕ ಆ ಸಭಾಕ್ಕ ಹೆಸರೇ ರುಚಿ ಸಭಾ. ಮಂದಿ ಹೂಂ ಅಂದ ಹಾಡು ವರ್ಷೆಲ್ಲಾ ನಡೀತಿತ್ತು. ಮಾರಿ ಕಿವುಚಿದ್ದು ಅಲ್ಲೇ ಮುಗೀತಿತ್ತು.

ಈ ಫಜೀತಿ ನಮಗೆಲ್ಲಾ ನಗೂ ಮಾತು. ಒಬ್ಬಾಕಿಗೆ ಮಾತ್ರ ನಗೂ ಮಾತಾಗಿದ್ದಿಲ್ಲ. ಅವರು ಸಾವ್ಕಾರ್ರ ಹೆಂಡತಿ, ಊರೆಲ್ಲಾ ಅಕ್ಕಾರು ಅಂತಿದ್ರು. ಅವರಿಗೆ ಹಿಮ್ಮೇಳದಾಗ ಕುಂತು ಹಾಡಬೇಕಾಗಿತ್ತು. ಅಷ್ಟ. ಬ್ಯಾರೆ ಏನೂ ಬೇಡಿದ್ದಿಲ್ಲ ಆ ತಾಯಿ.

ತಾಟು ತಂದವರು

ಮೊದಲನೇ ವರ್ಷದ ಮಾತು. ಡಂಗುರಾ ಸಾರೂ ವಾಲೀಕಾರನ್ನ ಕರದು, "ಐತವಾರ ಸಂಜಿಮುಂದ ಮಠದಾಗ ಮಂಡಳಿಯವರು ರುಚಿ ತೋರಸ್ತಾರ, ಎಲ್ಲಾರೂ ಬರ್ರಿ ಅಂತ ಸಾರಪಾ" ಅಂದೆ. ಅಂವ ಹಂಗ ಸಾರಿದ. ಒಂದಕ್ಷರಾ ತಪ್ಪಲಿಲ್ಲ.

ಐತವಾರ ಹೋಗಿ ನೋಡ್ತೀನಿ, ಪಡಸಾಲಿ ತುಂಬಿ ಮಂದಿ ಅಂಗಳಕ್ಕ ಚೆಲ್ಲೈತಿ. ನನಗ ಎದಿ ಉಬ್ಬಿ ಬಂತು.

"ನೋಡ್ರಿ ಸಾವ್ಕಾರ್ರ, ನಮ್ಮ ಮಂದಿಗೆ ಸಂಗೀತ ಅಂದ್ರ ಎಷ್ಟು ಜೀವ!"

ಸಾವ್ಕಾರ್ರು ಕನ್ನಡಕಾ ಸರಿ ಮಾಡಿಕೊಂಡು ನೋಡಿದ್ರು. "ಅದು ಖರೇರಿ ಮಾಸ್ತರ್. ಆದ್ರ ಎಲ್ಲಾರ ಕೈಯಾಗೂ ತಾಟು ಯಾಕ ಅದಾವು?"

ನಾ ಎದ್ದು ನಿಂತು, ಇದು ನಾಲಿಗಿ ರುಚಿ ಅಲ್ರಪಾ, ಕಿವಿ ರುಚಿ ಅಂತ ಕೈ ಮುಗದು ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಅದು ಅವರ ದೊಡ್ಡತನ. ಹಸದ ಹೊಟ್ಟಿಲೆ ಕುಂತು, ಖಾಲಿ ತಾಟಿನ ಮ್ಯಾಲೆ ಬೆರಳಿಲೆ ತಾಳಾ ಹಾಕಿಕೋತ, ಕಡೀತನಕ ಕೇಳಿದ್ರು. ಎಲ್ಲಾ ಮುಗದ ಮ್ಯಾಲೆ ಮುಂದ ಕುಂತ ಒಬ್ಬ ಅಜ್ಜಿ ನನ್ನ ಕೈ ಹಿಡದು, "ಭಾಳ ಛಲೋ ಇತ್ತೋ ಯಪ್ಪಾ. ಒಂದೀಟು ಉಪ್ಪಿನಕಾಯಿ ಇದ್ದಿದ್ರ ಇನ್ನೂ ಇಳೀತಿತ್ತು" ಅಂದ್ಲು.

ಮರುವರ್ಷ ಸಾವ್ಕಾರ್ರು ವಾಲೀಕಾರನ್ನ ತಾವ ಕರದು ತಾಕೀತು ಮಾಡಿದ್ರು. ಅಂವ ಅಗದಿ ಸ್ಪಷ್ಟ ಸಾರಿದ: "ಊಟಾ ಇಲ್ಲರ್ಯೋ, ಬರೇ ಹಾಡು ಅದಾವರ್ಯೋ, ಮನ್ಯಾಗ ಉಂಡು ಬರ್ರ್ಯೋ!" ಮಂದಿ ಮಾತು ಕೇಳಿದ್ರು. ಹೊಟ್ಟಿ ತುಂಬ ಉಂಡು ಬಂದ್ರು. ಎರಡನೇ ಹಾಡಿಗೆ ಅರ್ಧಾ ಪಡಸಾಲಿ ಗೊರಕಿ ಹೊಡ್ಯಾಕ ಹತ್ತಿತು. ನಾ ಕಣ್ಣಾಡಿಸಿದೆ. ಎಚ್ಚರಿದ್ದವರು ಅಂದ್ರ ಕಂಬದ ಮರಿಗೆ ಕುಂತ ಅಕ್ಕಾರೊಬ್ಬರ. ಪ್ರತಿ ಹಾಡಿಗೂ ಅವರ ತುಟಿ ಅಲಗ್ಯಾಡ್ತಿದ್ವು, ದನಿ ಮಾತ್ರ ಹೊರಗ ಬರ್ತಿದ್ದಿಲ್ಲ.

ಸಭಾ ಮುಗದ ಮ್ಯಾಲೆ ಸನಾದಿಯಾಂವ ವಾದ್ಯಾ ಒರಸಿಕೋತ ನನಗ ಅಂದ: "ಹ್ವಾದ ವರ್ಷ ಹಸದು ಕೇಳಿದ್ರು, ಈ ವರ್ಷ ಉಂಡು ಮಲಗಿದ್ರು. ಮುಂದಿನ ವರ್ಷ ಅರ್ಧಾ ಹೊಟ್ಟಿ ಉಂಡು ಬರ್ರಿ ಅಂತ ಸಾರಸ್ರಿ ಮಾಸ್ತರ್."

ಗಾಡಿ ರಾಗ

ನಮ್ಮ ಪಿಟೀಲಿನವರು ಅಳ್ನಾವರದಾಗ ನೌಕರಿ ಮಾಡಾವ್ರು. ರೈಲು ಗಾಡಿ ಬದಲಿ ಮಾಡಿಕೊಂಡು ಬರಬೇಕು, ಬಂದಂಗ ಹೋಗಬೇಕು. ಹಿಂಗಾಗಿ ನಾ ಸಭಾದಾಗ ಹೇಳೂದ ಹಿಂಗಿತ್ತು: "ಮೂರನೇ ಹಾಡಾದ ಮ್ಯಾಲೆ ಪಿಟೀಲು, ಗಾಡಿ ಬಂದಿದ್ರ."

ಒಂದು ವರ್ಷ ಪುಣ್ಯಕ್ಕ ಬಂದಿದ್ರು. ಕಣ್ಣು ಮುಚ್ಚಿಕೊಂಡು ಅಗದಿ ಸಾವಕಾಶ, ಒಂದು ಸುರಕ್ಕೂ ಇನ್ನೊಂದು ಸುರಕ್ಕೂ ನಡುವ ಚಾ ಕುಡದು ಬರೂವಷ್ಟು ಬಿಡುವು ಕೊಟ್ಟು ರಾಗಾ ಬೆಳಸಾಕ ಹತ್ತಿದ್ರು. ಮಂದಿ ಆಕಳಸಾಕ ಹತ್ತಿತು. ಅಷ್ಟರಾಗ ದೂರ ಗಾಡಿ ಸೀಟಿ ಕೇಳಸ್ತು. ಪಿಟೀಲಿನವರ ಕಣ್ಣು ತಗದ್ವು. ಕಮಾನು ಏನು ಓಡಾಕ ಹತ್ತಿತ್ರೀ! ದರ್ಜಿಯವರು ತಬಲಾ ತಗೊಂಡು ಹಿಂದ ಬೆನ್ನು ಹತ್ತಿದ್ರು. ರಾಗದ ಉಳಿದ ಸಂಸಾರಾನೆಲ್ಲಾ ಗಂಟು ಕಟ್ಟಿ ಮುಗಿಸಿ, ಪಿಟೀಲು ಬಗಲಾಗ ಹಿಡಕೊಂಡು, ಚಪ್ಪಲಿ ಕೈಯಾಗ ತಗೊಂಡು, ಸ್ಟೇಶನ್ ಕಡೆ ಓಡಿಹೋದ್ರು. ಪಡಸಾಲಿ ಎದ್ದು ನಿಂತು ಚಪ್ಪಾಳಿ ಹೊಡೀತು.

ಅವತ್ತು ಅಕ್ಕಾರು ನನ್ನ ಮುಂದ ಒಂದು ಮಾತಂದ್ರು: "ಅವರಿಗೆ ಗಾಡಿ ತಪ್ಪೂ ಅಂಜಿಕಿ. ನನ್ನ ಗಾಡಿ ಬರೂದರ ಯಾವಾಗ್ರಿ ಮಾಸ್ತರ್?" ನನಗ ಭಾಳ ಕೆಟ್ಟ ಅನಿಸ್ತು.

ಪಿಟೀಲಿನವರದು ಮಾತ್ರ ಹೆಸರಾಗಿ ಹೋತು. ಆಮ್ಯಾಲೆ ಅವರು ಎಂಥಾ ದೊಡ್ಡ ರಾಗಾ ಹಿಡದ್ರೂ ಹಿಂದಿನ ಸಾಲಿನ್ಯಾಗಿಂದ ಒಬ್ಬಾಂವ ಒದರಾಂವ: "ಅದು ಬ್ಯಾಡ್ರೀ, ಆ ಗಾಡಿ ರಾಗಾ ನುಡಸ್ರಿ!"

ಸೀಜನ್

ಮುಂದಿನ ವರ್ಷ ನಾ ಶಾಣ್ಯಾತನ ಮಾಡಾಕ ಹೋದೆ. ಡಂಗುರದ ಉಸಾಬರಿ ಬ್ಯಾಡ ಅಂತ, ಒಂದು ಕರೇ ಹಲಗಿ ಮ್ಯಾಲೆ "ನಮ್ಮ ಸೀಜನ್ ಬರೂ ಐತವಾರ ಸುರು, ಎಲ್ಲಾರೂ ಬರ್ರಿ" ಅಂತ ದಪ್ಪಗ ಬರದು ಸಾವ್ಕಾರ್ರ ಅಡತಿ ಅಂಗಡಿ ಮುಂದ ತೂಗಹಾಕಿದೆ. ದೊಡ್ಡ ಊರಾಗ ಸಂಗೀತಕ್ಕೂ ಸೀಜನ್ ಅಂತಾರ ಅಂತ ಪೇಪರಿನ್ಯಾಗ ಓದಿದ್ದೆ. ನಮ್ಮ ಸೀಮ್ಯಾಗ ಸೀಜನ್ ಅಂದ್ರ ಹತ್ತೀದು. ಇನ್ನೊಂದು ಸೀಜನ್ನ ದೇವರು ಹುಟ್ಟಿಸೇ ಇಲ್ಲ. ಅದು ನನಗ ಹೊಳೀಲಿಲ್ಲ.

ನವಲಗುಂದ ಕಡೆಯ ಒಬ್ಬ ಗೌಡ್ರು, ಮನ್ಯಾಗ ಉಳಿಸಿಕೊಂಡಿದ್ದ ಹತ್ತಿ ಚಕ್ಕಡಿ ತುಂಬ ಹೇರಿಕೊಂಡು ಬಂದು ನಿಂತ್ರು. ಸಾವ್ಕಾರ್ರು ಒಳಗಿದ್ರು. ಹೊರಗ ನಾನ ಇದ್ದೆ.

"ಸೀಜನ್ ಸುರು ಆತೇನ್ರಿ?"

"ಆತ್ರಿ, ಬರ್ರಿ ಬರ್ರಿ."

"ಹ್ಯಾಂಗ ದರಾ?"

"ದರಾ ಎಲ್ಲೀದ್ರಿ ಗೌಡ್ರ, ಎಲ್ಲಾ ಪುಗಸಟ್ಟೆ."

ಗೌಡ್ರ ಮೀಸಿ ನೆಟ್ಟಗಾದ್ವು. "ಪುಗಸಟ್ಟೆ? ವರ್ಷೆಲ್ಲಾ ಬೆವರು ಸುರಿಸೂದು ಪುಗಸಟ್ಟೇನು?"

"ಅಯ್ಯ, ಬೆವರು ಸುರಿಸೂದು ನಾವ್ರಿ. ನೀವು ಬರೇ ಬಂದು ಕುಂದ್ರೂದು."

ಆಗ ಗೌಡ್ರು ಒದರಿದ್ದು ನೋಡ್ರಿ, ಎತ್ತು ಬೆದರಿ ಎರಡು ಹೆಜ್ಜಿ ಹಿಂದ ಸರದ್ವು. ಸಾವ್ಕಾರ್ರು ಒಳಗಿಂದ ಓಡಿ ಬಂದ್ರು. ಸಮಾಧಾನ ಮಾಡ್ತಾರ ಅಂತ ನಾ ತಿಳದಿದ್ದೆ. ಅವರು ಗೌಡ್ರ ಮಾರಿ ನೋಡಿಕೋತ ಕೈ ಜೋಡಿಸಿ, "ಇಂಥಾ ದನಿ ಇಟ್ಟುಕೊಂಡು ಇಷ್ಟು ದಿನಾ ಎಲ್ಲಿದ್ರಿ ಗೌಡ್ರ? ನಮ್ಮ ಹಿಮ್ಮೇಳಕ್ಕ ಬರ್ತೀರೇನು?" ಅಂದ್ರು.

ಗೌಡ್ರು ಒಂದು ಗಳಿಗಿ ವಿಚಾರ ಮಾಡಿ, "ಅದೂ ಪುಗಸಟ್ಟೇನ ಇರಬೇಕು" ಅಂದ್ರು.

ಹಿಮ್ಮೇಳ ಹೊಲಕ್ಕ ಹೋತು

ಹಾದ್ಯಾಗ ಬೈಯೋ ಗಂಡಸಿನ ದನಿಯೊಳಗ ಸಾವ್ಕಾರ್ರಿಗೆ ಸುರ ಕೇಳಸ್ತು. ಒಳಗ ಒಲಿ ಮುಂದ ಅಕ್ಕಾರು ಗುಣುಗುಣು ಅನ್ನೂ ದನಿ ಕೇಳಸ್ಲಿಲ್ಲ. ಇದು ನನ್ನ ಮನಸಿನ್ಯಾಗ ಚುಚ್ಚಿಕೋತ ಉಳೀತು.

ಆಮ್ಯಾಲಿನ ವರ್ಷ ಮಳಿ ಛಲೋ ಆತು. ಮಳಿ ಛಲೋ ಆದ್ರ ನಮ್ಮ ಹಿಮ್ಮೇಳ ಹೊಲಕ್ಕ ಹೋಗತೈತಿ. ಗಂಡಸರೆಲ್ಲಾ ಕಳೆ ತಗ್ಯಾಕ, ಎಡಿ ಹೊಡ್ಯಾಕ ಅಂತ ಹ್ವಾದ್ರು. ತಾಲೀಮಿಗೆ ಸಾವ್ಕಾರ್ರ ಮನ್ಯಾಗ ಕುಂತವರು ಪೇಟಿ, ತಬಲಾ ಮತ್ತ ನಾನು. ಅದರಾಗ ದರ್ಜಿಯವರ ತಬಲಾ ಹುಚ್ಚುಚ್ಚಾರ ಓಡ್ತಿತ್ತು.

"ಯಾಕ್ರೀ ಇಷ್ಟು ಅವಸರಾ?" ಅಂತ ಕೇಳಿದ್ರ, "ಪಂಚಮಿ ಹತ್ರ ಬಂತಲ್ರಿ, ಹೊಲ್ಯಾಕ ಅರಿವಿ ರಾಶಿ ಬಿದ್ದಾವು. ಮಶೀನ್ ತುಳದು ತುಳದು ಕಾಲಿನ ವ್ಯಾಗಾ ಕೈಗೆ ಬಂದೈತ್ರಿ" ಅಂದ್ರು.

ಅಷ್ಟರಾಗ ಅಕ್ಕಾರು ಚಾ ತಗೊಂಡು ಬಂದ್ರು. ಬಂದವರು ಒಳಗ ಹೋಗಲಿಲ್ಲ. ಗೋಡಿಗೆ ಬೆನ್ನು ಹಚ್ಚಿ ನಿಂತು, ನನ್ನ ಕಡೆ ನೋಡಿ ಮಾತಾಡಿದ್ರು.

"ಮಾಸ್ತರ್, ಊರಿಗೆ ಹಿಟ್ಟಿನ ಗಿರಣಿ ಬಂತು, ಬೀಸೂದು ನಿಂತ್ತು. ಬೀಸೂದು ನಿಂತ ಮ್ಯಾಲೆ ಹಾಡೂದೂ ನಿಂತ್ತು. ಹೆಣಮಕ್ಕಳು ಸುಮ್ ಸುಮ್ನ ಹಾಡಿದ್ರ ಹುಚ್ಚು ಹಿಡದೈತಿ ಅಂತಾರ. ಹಾಡಾಕ ಒಂದು ನೆವಾ ಬೇಕ್ರಿ. ನಿಮ್ಮ ಹಿಮ್ಮೇಳದಾಗ ಜಾಗಾ ಖಾಲಿ ಬಿದ್ದಾವು. ನಾವು ಓಣಿಯ ನಾಕು ಮಂದಿ ಕುಂದರ್ತೀವಿ ಅಂತ ನಿಮ್ಮ ಸಾವ್ಕಾರ್ರಿಗೆ ಹೇಳ್ರಿ."

ಸಾವ್ಕಾರ್ರು ಕೈ ಚಾಚಿದ್ರ ಸಿಗೂವಷ್ಟು ದೂರ ಕುಂತಿದ್ರು. ಅವರೂ ನನ್ನ ಕಡೇನ ನೋಡಿದ್ರು. "ನಿಮ್ಮ ಅಕ್ಕಾರ್ಗೆ ಹೇಳ್ರಿ ಮಾಸ್ತರ್, ಮಂದಿ ಏನಂದಾರು?"

"ನಿಮ್ಮ ಸಾವ್ಕಾರ್ರಿಗೆ ಹೇಳ್ರಿ ಮಾಸ್ತರ್, ಅನ್ನೂ ಮಂದಿ ಎಲ್ಲಾ ಹೊಲದಾಗ ಅದಾರು."

ದರ್ಜಿಯವರು ಚಾದ ಬಸಿಯೊಳಗ ಮಾರಿ ಮುಚ್ಚಿಕೊಂಡ್ರು. ಸಾವ್ಕಾರ್ರು ಪೇಟಿಯ ಗಾಳಿ ಭಾತಿ ಎಳದ್ರು, ಬಿಟ್ರು. ಕಡೀಕ ಅಂದ್ರು: "ಆತು. ರುಚಿ ಸಭಾದಾಗ ಒಂದ ಹಾಡಿಗೆ ಕುಂದ್ರಲಿ. ಸರಿಯಾದ್ರ ವರ್ಷೆಲ್ಲಾ ಹಾಡ್ಲಿ. ಎಲ್ಲೆರ ತಪ್ಪಿ ನಾಕು ಮಂದ್ಯಾಗ ನಗಸಾಟಾದ್ರ, ಮುಂದ ಈ ಮನ್ಯಾಗ ಆ ಸುದ್ದಿನ ತಗೀಬಾರ್ದು. ಹೇಳ್ರಿ ಅವರಿಗೆ."

ನಾ ಹೇಳಾಕ ಅಕ್ಕಾರ ಕಡ ಹೊಳ್ಳಿದೆ. ಅವರು ಆಗಲೇ ಒಳಗ ಹೋಗಿ ಹಾಡಾಕ ಹತ್ತಿದ್ರು.

ತೂತು

ಯಾವ ಹಾಡು ಅನ್ನೂದನ್ನ ಸಾವ್ಕಾರ್ರ ಗೊತ್ತು ಮಾಡಿದ್ರು. ನಮ್ಮೂರ ಹಳೇ ಪದಾ ಅದು. ಸಾಲಿಗೊಂದು ದೇವರ ಹೆಸರು ಬರತೈತಿ. ಕಾಯೋ ಬಸವಾ, ಕಾಯೋ ಮಾದೇವಾ ಅಂತ ಒಂದೊಂದು ಮೆಟ್ಟಲಾ ಏರಿಕೋತ ಹೋಗಿ, ಕಡೀಕ "ಕಾಯೋ ಶಂಕರಾ" ಅಂತ ತುದೀ ಸುರಕ್ಕ ಮುಟ್ಟತೈತಿ. ಅದನ್ನ ಬಿಟ್ಟು ಬ್ಯಾರೆ ಹಾಡು ಬ್ಯಾಡ ಅಂದ್ರು ಸಾವ್ಕಾರ್ರು. ಅದರ ಕಾರಣಾ ಊರಿಗೆಲ್ಲಾ ಗೊತ್ತು. ಅವರ ಹೆಸರು ಶಂಕ್ರಪ್ಪ.

ಸಾವ್ಕಾರ್ರು ಅಂಗಡ್ಯಾಗ ಇದ್ದ ಹೊತ್ತಿನ್ಯಾಗ ಅವರ ಹಿತ್ತಲದಾಗ ಹೆಣಮಕ್ಕಳ ತಾಲೀಮು. ಕಲಸಾವ್ರು ದರ್ಜಿಯವರು, ಪದಾ ಹೇಳಿಕೊಡಾಂವ ನಾನು. ಅಕ್ಕಾರ ದನಿ ಕೇಳಿ ನಾನಂತೂ ಬೆರಗಾಗಿ ಕುಂತೆ. ಅಷ್ಟು ಚಂದ ಹೊಂಟಿತ್ತು. "ಕಾಯೋ" ಅಂದ್ರು, ಎಲ್ಲಾರ ದನೀನೂ ಒಂದ. "ಬಸವಾ" ಬಂತು, ಅರ್ಧಾ ಸಾಲು ಬಾಯಿ ಮುಚ್ಚಿತು. "ಮಾದೇವಾ" ಬಂತು, ಮತ್ತೊಬ್ಬಾಕಿ ಮುಚ್ಚಿದ್ಲು. "ಕಾಯೋ" ಅಂತ ಏರಿ ಏರಿ ತುದಿಗೆ ಬಂದ್ರು, ಶಂಕರಾ ಅನ್ನಬೇಕು. ಆ ತುದೀ ಸುರಾ ಅಕ್ಕಾರೇ ಎತ್ತಲಿ ಅಂತ ಉಳಿದವರು ಬಿಟ್ಟಿದ್ರು. ಅಲ್ಲಿ ಏನೂ ಇಲ್ಲ. ಬರೇ ತಬಲಾ. ಗೊಂತಿನ್ಯಾಗಿನ ಎಮ್ಮಿ ಒಂದು ಸಲಾ ಒದರಿ ಆ ಜಾಗಾ ತುಂಬಿತು.

"ಯಾಕ ಬೇ, ಪದಾ ಮರತ್ರೇನು?" ಅಂತ ದರ್ಜಿಯವರು ಕೇಳಿದ್ರು. ಮತ್ತೊಮ್ಮೆ ಹಾಡಿದ್ರು, ಮತ್ತ ಅಲ್ಲೇ ತೂತು. ದರ್ಜಿಯವರು ಉಸರು ಸಾಲವಲ್ತು ಅಂದ್ರು. ನಾ ನೆನಪು ಉಳೀವಲ್ತು ಅಂತ ದೇವರ ಹೆಸರೆಲ್ಲಾ ಹಲಗಿ ಮ್ಯಾಲೆ ದಪ್ಪಗ ಬರದು ಕೊಟ್ಟೆ. ಅವರೆಲ್ಲಾ ಸೆರಗು ಬಾಯಿಗೆ ಒತ್ತಿಕೊಂಡು ಕಿಸಿಕಿಸಿ ನಗಾಕ ಹತ್ತಿದ್ರು. ಕಡೀಕ ಅಕ್ಕಾರ ಬಾಜೂ ಮನಿಯಾಕಿ ತಲಿ ತಗ್ಗಿಸಿ, ಹಲಗಿ ಮ್ಯಾಲಿನ ಮೊದಲನೇ ಹೆಸರಿಗೆ ಬೆರಳು ತೋರಿಸಿ, "ಮಾಸ್ತರ್ರ, ಅದು ನಮ್ಮನಿಯವರ ಹೆಸರ್ರೀ..." ಅಂದ್ಲು. ಆಕಿ ಗಂಡ ಬಸಪ್ಪ.

ಆಗ ನನ್ನ ತಲಿಯೊಳಗ ಬೆಳಕಾತು. ನಮ್ಮೂರಾಗ ಹುಟ್ಟಿದ ಗಂಡಸಿಗೆಲ್ಲಾ ದೇವರ ಹೆಸರು. ಗಂಡನ ಹೆಸರು ಬಾಯಾಗ ತಂದ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತ ಹೆಣಮಕ್ಕಳ ನಂಬಿಗಿ. ದೇವರನ್ನ ಕರೀಬೇಕಂದ್ರ ಪ್ರತಿಯೊಬ್ಬಾಕಿಗೂ ಅವರವರ ಗಂಡ ಅಡ್ಡ ನಿಂತಿದ್ದ.

"ಅಲ್ರೀ, ಮದಿವ್ಯಾಗ ಒಡಪು ಹಾಕಿ ಗಂಡನ ಹೆಸರು ಹೇಳ್ತೀರಲ್ಲ?" ಅಂದೆ.

"ಅದು ಮಂದಿ ಬಾಗಲಾ ಅಡ್ಡಗಟ್ಟಿ ಬಲವಂತ ಮಾಡಿದಾಗ್ರಿ. ಇಲ್ಲಿ ಯಾರು ಅಡ್ಡಗಟ್ಟ್ಯಾರು?" ಅಂದ್ರು ಅಕ್ಕಾರು.

ಹೆಸರಿನ ಜಾಗಾದಾಗ "ಕಾಯೋ ನಮ್ಮನಿಯವರಾ" ಅಂತ ಹಾಡಿ ನೋಡಿದ್ರು. ದರ್ಜಿಯವರು ತಬಲಾ ನಿಲ್ಲಿಸಿ, "ಹಿಂಗ ಕರದ್ರ ದೇವರು ಯಾರ ಮನಿಗಂತ ಬರಬೇಕ ಬೇ?" ಅಂದ್ರು. ಹಾಡು ಬದಲಿ ಮಾಡೂಣು ಅಂದ್ರ ಸಾವ್ಕಾರ್ರು ಒಪ್ಪೂದಿಲ್ಲ. ಅಕ್ಕಾರ ಮಾರಿ ಸಣ್ಣದಾತು. ಇಷ್ಟು ವರ್ಷಕ್ಕ ಬಂದ ಒಂದು ಸಂಧಿ, ಅದೂ ಗಂಡನ ಹೆಸರಿನ್ಯಾಗ ಸಿಗಬಿದ್ದು ಕುಂತಿತ್ತು. ಒಮ್ಮಿಗಲೇ ಅವರು ಬಾಜೂ ಮನಿಯಾಕಿ ತೊಡಿ ಮ್ಯಾಲೆ ಬಡದು ಅಂದ್ರು:

"ನೀ ನನ್ನ ಗಂಡನ್ನ ಹಾಡು, ನಾ ನಿನ್ನ ಗಂಡನ್ನ ಹಾಡ್ತೀನಿ!"

ಹಂಗ ಜೋಡಿ ಜೋಡಿ ಕುಂದ್ರಿಸಿ ಹಾಡಿಸಿದ್ವಿ. ತೂತೆಲ್ಲಾ ಮುಚ್ಚಿದ್ವು. ಎದ್ದು ಹೋಗೂ ಮುಂದ ದರ್ಜಿಯವರು ನನ್ನ ಕಿವ್ಯಾಗ, "ನೀವು ಸಭಾದಾಗ ಏನು ಬೇಕಾದ್ದು ಹೇಳ್ರಿ ಮಾಸ್ತರ್, ಈ ಒಪ್ಪಂದಾ ಮಾತ್ರ ಹೇಳಬ್ಯಾಡ್ರಿ" ಅಂದ್ರು.

ಓ ಅಂದವರು

ರುಚಿ ಸಭಾದ ದಿನಾ ಬಂತು. ಬಾಜೂ ಮನಿಯಾಕಿ, ಸಭಾ ಐತಿ ಅಂತ ಹುರುಪಿಲೆ ಮುಂಜಾನೆದ್ದು ತಲಿಮ್ಯಾಲೆ ಎರಕೊಂಡು, ಹಸಿ ಕೂದಲಾ ಬಿಟಗೊಂಡು ಆಷಾಢದ ಗಾಳಿಗೆ ನಿಂತಿದ್ಲಂತ. ಸಂಜಿಮುಂದ ಗಂಟಲು ಪೂರಾ ಬಿದ್ದಿತ್ತು. ಸಭಾಕ್ಕ ಬಂದು ಕುಂತ್ಲು ಖರೆ, ಮಾತಾಡಿದ್ರ ಬರೇ ಉಸರು. ತುದೀ ಸುರಕ್ಕ ಮುಟ್ಟಾವ್ರು ಅಕ್ಕಾರು ಬಿಟ್ರ ಆಕಿ ಒಬ್ಬಾಕಿನ. ಉಳಿದವರ ದನಿ ಅಲ್ಲಿತನಕ ಏರ್ತಿದ್ದಿಲ್ಲ.

"ಏನು ಮಾಡೂದ್ರಿ ಅಕ್ಕಾರ?" ಅಂದೆ.

"ಹಾಡೂದ್ರಿ. ಇವತ್ತು ಕೆಟ್ರ ಮುಂದ ನಾ ಹಾಡೂದು ಎಮ್ಮಿ ಮುಂದ" ಅಂದ್ರು.

ಹಾಡು ಸುರು ಆತು. ಮುಂದ ಸಾವ್ಕಾರ್ರ ಪೇಟಿ, ಹಿಂದ ಹೆಣಮಕ್ಕಳ ಸಾಲು. ಬಸವಾ ಬಂತು, ಅಕ್ಕಾರು ಎತ್ತಿದ್ರು. ಮಾದೇವಾ ಬಂತು, ಇನ್ನೊಬ್ಬಾಕಿ ಎತ್ತಿದ್ಲು. ಮಂದಿ ತಲಿ ಆಡಸಾಕ ಹತ್ತಿದ್ರು. ಮಾರಿ ಕಿವುಚಬೇಕು ಅಂತ ಬಂದವರೂ ಕಿವುಚಲಿಲ್ಲ. ಏರಿ ಏರಿ ತುದಿಗೆ ಬಂತು. ಬಾಜೂ ಮನಿಯಾಕಿ ಬಾಯಿ ತಗದ್ಲು. ಗಾಳಿ ಬಂತು.

ಪೇಟಿ ಒಂದ ಆ ಸುರಾ ಹಿಡಕೊಂಡು ನಿಂತ್ತು. ಮಂದ್ಯಾಗ ಒಬ್ಬ ಒದರಿದ: "ಎಲ್ಲಾ ದೇವರೂ ಬಂದ್ರು, ಶಂಕರ ಎಲ್ಲಿ ಹ್ವಾದಲೇ?" ನಗಿ ಎದ್ದಿತು. ಸಾವ್ಕಾರ್ರ ಕಿವಿ ಕೆಂಪಗಾದ್ವು. ಆ ಸಾಲು ಇನ್ನೊಂದು ಸಲಾ ಬರೂದಿತ್ತು. ಅಲ್ಲೂ ತೂತು ಬಿದ್ರ ಮುಗೀತು ಅನ್ನೂದು ನನಗ ಗೊತ್ತಿತ್ತು, ಅಕ್ಕಾರಿಗೂ ಗೊತ್ತಿತ್ತು.

ಎರಡನೇ ಸಲಾ ಬಂತು. ಅಕ್ಕಾರು ಸೆರಗು ಬಿಗಿ ಹಿಡಕೊಂಡ್ರು, ಕಣ್ಣು ಮುಚ್ಚಿದ್ರು, ಎತ್ತಿಬಿಟ್ರು.

"ಕಾಯೋ... ಶಂಕರಾ..."

ಎಷ್ಟು ವರ್ಷದಿಂದ ಒಳಗ ಇಟ್ಟುಕೊಂಡಿದ್ರೋ ಆ ದನೀನ್ನ, ಪಡಸಾಲಿ ದಾಟಿ, ಅಂಗಳಾ ದಾಟಿ ಊರ ಅಗಸಿ ಬಾಗಲತನಕ ಹೋತು.

ಊರಾಗ ಸಾವ್ಕಾರ್ರನ್ನ ಹೆಸರು ಹಿಡದು ಯಾರೂ ಕರೀತಿದ್ದಿಲ್ಲ. ಹಂಗ ಎಳದು ಶಂಕರಾ ಅಂತ ಕರಿಯಾಕಿ ಅಂದ್ರ ಅವರವ್ವ ಒಬ್ಬಾಕಿ ಇದ್ಲು. ಆಕಿ ಹೋಗಿ ಭಾಳ ವರ್ಷ ಆಗಿತ್ತು. ಮೈಮರತು ಪೇಟಿ ನುಡಸಾಕ ಹತ್ತಿದ್ದ ಸಾವ್ಕಾರ್ರು, ಆ ದನಿ ಕಿವಿಗೆ ಬಿದ್ದದ್ದ ತಡಾ, ಧಡಕ್ಕನ ಎದ್ದು ನಿಂತು ಪಡಸಾಲಿಗೆಲ್ಲಾ ಕೇಳೂ ಹಂಗ ಒದರಿದ್ರು:

"ಓ! ಬಂದೆ ಬೇ ಯವ್ವಾ!"

ಆಮ್ಯಾಲೆ ನಕ್ಕದ್ದು ನೋಡ್ರಿ, ಮಂದಿ ಹೊಟ್ಟಿ ಹಿಡಕೊಂಡು ಉಳ್ಳಾಡಿದ್ರು. ದರ್ಜಿಯವರು ತಬಲಾದ ಮ್ಯಾಲೆ ಬೋರಲಾಗಿ ಬಿದ್ದಿದ್ರು. ಅಕ್ಕಾರು ಸೆರಗಿನ್ಯಾಗ ಮಾರಿ ಮುಚ್ಚಿಕೊಂಡ್ರು. ನನಗ ನಗು ಬರಲಿಲ್ಲ. ನಾಕು ಮಂದ್ಯಾಗ ನಗಸಾಟ ಆಗಬಾರ್ದು ಅಂತ ಸಾವ್ಕಾರ್ರು ಅಂದಿದ್ರು, ಇಲ್ಲಿ ಊರಿಗೆ ಊರ ನಗಾಕ ಹತ್ತಿತ್ತು. ಮುಗೀತು ಈ ತಾಯಿ ಹಾಡು ಅಂತ ನಾ ತಿಳದೆ.

ಸಾವ್ಕಾರ್ರು ನಿಂತ ನಿಂತಿದ್ರು. ಮಂದಿ ಕಡೆ ನೋಡಲಿಲ್ಲ. ಹಿಂದ ಹೊಳ್ಳಿ ಹೆಂಡತಿ ಕಡೆ ನೋಡಿದ್ರು. ಅವರ ಕಣ್ಣು ತುಂಬಿದ್ವು. ಆಮ್ಯಾಲೆ ಸಾವಕಾಶ ಕುಂತು, ಪೇಟಿ ಭಾತಿಗೆ ಕೈ ಹಾಕಿದ್ರು.

"ಸಾವ್ಕಾರ್ರ, ಮುಂದಿನ ಹಾಡು ಹೇಳ್ಲೇನ್ರಿ?" ಅಂತ ಅಂಜಿಕೋತ ಕೇಳಿದೆ.

"ಮುಂದಿಂದು ಯಾಕ್ರೀ ಮಾಸ್ತರ್, ಇದ ಮುಗದಿಲ್ಲ" ಅಂದ್ರು. "ಆಕಿ ಕರದದ್ದು ದೇವರನ್ನ, ಓ ಅಂದಾಂವ ನಾನು. ದೇವರು ಓ ಅನ್ನೂತನಕಾ ವರ್ಷೆಲ್ಲಾ ಇವರ ಹಾಡ್ಲಿ."